ಹೊರೆಹಬ್ಬದ ಕೊನೆಯ ಹಾಳೆ

ಪ್ರಳಯಜಲದಲ್ಲಿ ಮುಳುಗಿದ್ದ ಭೂದೇವಿಯನ್ನು ದಾಡೆಯ ತುದಿಯಲ್ಲಿ ಹೂವಿನ ಎಸಳಿನಂತೆ ಎತ್ತಿ ಹಿಡಿದ ಆದಿವರಾಹಸ್ವಾಮಿಗೆ ನಮಸ್ಕಾರ. ಆ ಭೂಮಿಯನ್ನು ಹೆಡೆಗಳ ಮೇಲೆ ಹೊತ್ತು ಇಂದಿಗೂ ಕದಲದಿರುವ ಅನಂತನಿಗೆ ನಮಸ್ಕಾರ. ಹೊರುವವನ ಬೆನ್ನನ್ನೂ ಹೊರೆಯ ತೂಕವನ್ನೂ ಬಲ್ಲ ಆ ದಯಾಮಯನ ಹೆಸರು ಹೇಳಿ, ನಾನೂ ನನ್ನ ಹೆಂಡತಿ ಕಾತ್ಯಾಯಿನಿಯೂ ಬದುಕುತ್ತಿರುವ ಊರಿನಲ್ಲಿ ನಡೆದುದನ್ನು ಹೇಳತೊಡಗುತ್ತೇನೆ.

ಊರಿನ ಹೆಸರನ್ನು ಕೇಳಬೇಡಿ. ಇಲ್ಲಿಯವರು ಅದನ್ನು ಊರು ಎಂದಷ್ಟೇ ಕರೆಯುತ್ತಾರೆ. ಕೆಂಪು ಬಂಡೆಗಳ ನಡುವೆ ಒಂದು ಬಯಲು, ಬಯಲಿನ ಅಂಚಿಗೆ ತಾಳೆಮರಗಳ ಸಾಲು, ನಡುವೆ ಕಲ್ಲು ಕಟ್ಟಿದ ಹೊಂಡ, ಅದರ ಸುತ್ತ ಮಣ್ಣಿನ ಮನೆಗಳು. ಇಲ್ಲಿ ಹುಟ್ಟಿದವರು ಕಡಮೆ, ಬೇಕೆಂದು ಬಂದವರು ಹೆಚ್ಚು. ನಾವೂ ಹಾಗೆ ಬಂದವರು.

ದೊಡ್ಡ ಪಟ್ಟಣವೊಂದರ ಪಾಠಶಾಲೆಯಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪುರಾಣ, ಧರ್ಮಶಾಸ್ತ್ರಗಳ ಪಾಠ ಹೇಳಿದೆ, ಸಂಜೆ ಮನೆಯಲ್ಲೂ ಹೇಳುತ್ತಿದ್ದೆ. ನಾಲ್ಕನೆಯ ಮಹಡಿಯ ಮನೆ, ಇದ್ದವರು ನಾವಿಬ್ಬರೇ. ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಹಾಲು ಪೊಟ್ಟಣದಲ್ಲಿ, ದರ್ಭೆ ಕೂಡ ರಬ್ಬರ್ ಬ್ಯಾಂಡು ಹಾಕಿದ ಕಟ್ಟಿನಲ್ಲಿ. ಎಲೆಯ ಮುಂದೆ ಕುಳಿತು ಅನ್ನವನ್ನು ದೇವರೆಂದು ಹೊಗಳಿ ಕೈಮುಗಿಯುತ್ತಿದ್ದೆ; ಅದು ಯಾವ ಹೊಲದ್ದೆಂದು ಒಂದು ದಿನವೂ ಕೇಳಿದವನಲ್ಲ. ಕಾತ್ಯಾಯಿನಿ ಮಾತ್ರ ಬಾಲ್ಕನಿಯಲ್ಲಿ, ತೂತು ಬಿದ್ದ ಬಕೆಟ್ಟುಗಳಲ್ಲಿ, ದಂಟು ಮೆಂತ್ಯಗಳನ್ನು ಬೆಳೆಯುತ್ತ ಬಿಸಿಲು ಯಾವ ಕಡೆ ತಿರುಗಿದರೆ ಬಕೆಟ್ಟುಗಳನ್ನೂ ಆ ಕಡೆ ತಿರುಗಿಸುತ್ತಿದ್ದಳು. ನಾನು ನಿವೃತ್ತನಾದ ವಾರದಲ್ಲೇ ಒಂದು ಸಂಜೆ ಕೈಯ ಮಣ್ಣನ್ನು ಸೆರಗಿಗೆ ಒರಸಿಕೊಳ್ಳುತ್ತ ಬಂದು ನಿಂತಳು.

“ಏನೂಂದ್ರೆ, ನಿಮ್ಮ ಶಾಸ್ತ್ರದಲ್ಲಿ ವಾನಪ್ರಸ್ಥ ಅಂತ ಇದೆಯಲ್ಲ, ಅದು ಇರೋದು ಬರೀ ಪರೀಕ್ಷೆಗಾ?”

ಆ ಪ್ರಶ್ನೆಗೆ ಉತ್ತರವಾಗಿ ನಾವು ಮನೆಯನ್ನು ಕೊಟ್ಟು ಹೊರಟೆವು. ಹೆದರಿಕೊಂಡು ಹೊರಟೆವೆಂದಾಗಲಿ, ಲೋಕದ ಮೇಲಿನ ಮುನಿಸಿನಿಂದ ಹೊರಟೆವೆಂದಾಗಲಿ ಯಾರೂ ತಿಳಿಯಬಾರದು. ಉಣ್ಣುವ ಅನ್ನವನ್ನು ಬೆಳೆದು, ಮಲಗುವ ಗೋಡೆಯನ್ನು ಕಟ್ಟಿ, ದೇವರ ದೀಪದ ಎಣ್ಣೆಯನ್ನು ನಾವೇ ಹಿಂಡಿ ಬದುಕಬೇಕೆಂಬ ಆಸೆ ನಮ್ಮಿಬ್ಬರಲ್ಲೂ ಒಂದೇ ಸಲ ಹಣ್ಣಾಗಿತ್ತು.

ಊರಿನ ಬಾಯಲ್ಲೇ ಚೆನ್ನಿಗಪ್ಪ ಎದುರಾದ. ಹಿಂದೆ ಪಟ್ಟಣದ ಎತ್ತರದ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುತ್ತಿದ್ದವನು, ಈಗ ಕುರಿ ಮೇಯಿಸುತ್ತಾನೆ. ನಮ್ಮ ಗಾಡಿಯೊಳಗೆ ಇಣುಕಿ ನೋಡುತ್ತಲೇ ಅವನ ಮುಖ ಅರಳಿತು.

“ಕುಕ್ಕರ್ ತಂದಿದ್ದೀರಾ ಅಮ್ನೋರೆ? ತನ್ನಿ ತನ್ನಿ. ಸ್ವಲ್ಪ ದಿನ ಹೋದ್ರೆ ಅದನ್ನ ಒಲೆಯಿಂದ ಇಳಿಸೋಕೆ ನಾಲ್ಕಾಳು ಬೇಕು. ಆ ನೆಪದಲ್ಲಾದ್ರೂ ನಾವು ಊಟಕ್ಕೆ ಬರ್ತೀವಿ.”

ತಮಾಷೆಯೆಂದುಕೊಂಡೆವು. ಆದರೆ ಈ ಊರಿನ ನಡಾವಳಿಯೇ ಹಾಗೆ. ಮನೆಯವರ ಕೈಯಲ್ಲಿ ಆಗಿರದ, ಮಾಡಿದವರ ಮುಖವನ್ನೂ ನಾವು ಕಂಡಿರದ ವಸ್ತು ಇಲ್ಲಿ ದಿನ ಕಳೆದಂತೆ ಭಾರವಾಗುತ್ತದೆ. ನೆರೆಮನೆಯವರು ಕಣ್ಣೆದುರಿಗೆ ಮಾಡಿಕೊಟ್ಟ ಮಡಕೆ ತನ್ನ ತೂಕದಲ್ಲೇ ಇರುತ್ತದೆ; ನಾವೇ ನೆಯ್ದ ಚಾಪೆಯೂ ಅಷ್ಟೇ. ಎಲ್ಲಿಂದಲೋ ಬಂದ ವಸ್ತುವನ್ನಾದರೂ ನಾವೇ ಬಿಚ್ಚಿ, ರಿಪೇರಿ ಮಾಡಿ, ಬಿದಿರೋ ದಾರವೋ ಸೇರಿಸಿದರೆ ಅದು ಅಷ್ಟರ ಮಟ್ಟಿಗೆ ಹಗುರವಾಗುತ್ತದೆ. ಕಾತ್ಯಾಯಿನಿ ತನ್ನ ಕೊಡೆಗೆ ಬಿದಿರಿನ ಕಡ್ಡಿ ಕೂರಿಸಿ, ಮೇಲೆ ತಾಳೆಗರಿ ಹೊಲಿದು ಉಳಿಸಿಕೊಂಡಳು. ಕುಕ್ಕರನ್ನು ಉಳಿಸುವ ಬಗೆ ತಿಳಿಯಲಿಲ್ಲ. ಅದು ಒಲೆಯನ್ನು ಕುಸಿಯುವಂತೆ ಮಾಡುವ ಮುನ್ನ ಇಬ್ಬರೂ ಸೇರಿ ಉರುಳಿಸಿಕೊಂಡು ಹೋಗಿ ಹಿತ್ತಲಿನಲ್ಲಿ ಹೂತೆವು. ಅಲ್ಲಿ ಈಗ ಕುಂಬಳದ ಬಳ್ಳಿಯಿದೆ.

ಎರಡು ಅಯನಗಳ ಹೊತ್ತಿಗೂ ಊರಿನಲ್ಲಿ ಹೊರೆಹಬ್ಬ. ಅಂದು ಪ್ರತಿಯೊಂದು ಮನೆಯವರೂ ತಮ್ಮ ಮನೆಯ ಒಂದೊಂದು ವಸ್ತುವನ್ನೂ ಇದ್ದ ಜಾಗದಿಂದ ಎತ್ತಿ, ಅಂಗಳಕ್ಕೆ ತಂದು ಸೂರ್ಯನಿಗೆ ತೋರಿಸಿ ಒಳಗಿಡಬೇಕು. ಬೇರೆ ಮನೆಯವರ ಕೈ ತಗಲಕೂಡದು. ಎತ್ತಲಾಗದ ವಸ್ತು ಇದ್ದರೆ ಆ ಮನೆ ಇನ್ನು ಅದರದು. ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಬಂದು, ಬೇರೆ ಜಾಗದಲ್ಲಿ ಮೊದಲ ಮಣ್ಣಿನ ಮುದ್ದೆಯಿಂದ ಶುರುಮಾಡಬೇಕು. ಊರಿನ ಪಡುವಲಿಗೆ ಅಂಥ ಮನೆಗಳ ಸಾಲೇ ಇದೆ. ಗೋಡೆ ಕರಗಿಹೋದ ಒಂದು ಕೋಣೆಯ ನಡುವೆ ಹೊಲಿಗೆಯ ಯಂತ್ರವೊಂದು ಮೊಣಕಾಲುದ್ದ ನೆಲಕ್ಕಿಳಿದು ನಿಂತಿದೆ. ಇನ್ನೊಂದು ಕಡೆ ಹ್ಯಾಂಡಲು ಮಾತ್ರ ಕಾಣುವ ಮೋಟಾರು ಸೈಕಲ್ಲು. ಅದರ ಕನ್ನಡಿಯಲ್ಲಿ ಸೂರಕ್ಕಿಗಳು ತಮ್ಮನ್ನು ತಾವೇ ಕುಕ್ಕುತ್ತವೆ. ಚೆನ್ನಿಗಪ್ಪನ ಮೊದಲ ಮನೆ ಒಂದು ಕಲರ್ ಟೀವಿಯ ಪಾಲಾಗಿದೆ. ಅತ್ತ ಹೋದಾಗಲೆಲ್ಲ ಅವನು “ಯಜಮಾನ್ರು ಸೌಖ್ಯವಾ?” ಎಂದು ಅದನ್ನು ವಿಚಾರಿಸಿಕೊಂಡೇ ಬರುತ್ತಾನೆ.

ನಮ್ಮ ಮನೆಯನ್ನು ಕಟ್ಟಿದವಳು ಕಾತ್ಯಾಯಿನಿ. ನಾನು ಮಣ್ಣು ಹೊತ್ತೆ, ನೀರು ಹೊತ್ತೆ. ಮಣ್ಣು ತುಳಿದು, ಹುಲ್ಲು ಬೆರೆಸಿ, ಮುದ್ದೆಯ ಮೇಲೆ ಮುದ್ದೆಯಿಟ್ಟು ಗೋಡೆ ಎಬ್ಬಿಸಿದವಳು ಅವಳು. ಬಾವಿಯ ಜಾಗವನ್ನು ಆರಿಸಿದವಳೂ ಅವಳೇ. ಹಿತ್ತಲಿನಲ್ಲಿ ನುಗ್ಗೆ, ನಿಂಬೆ. ಮುಂದೆ ಒಂದು ತುಂಡು ಹೊಲದಲ್ಲಿ ನವಣೆ, ಅದರ ಸಾಲುಗಳ ನಡುವೆ ಅಕ್ಕಡಿಗೆ ತೊಗರಿ. ಕೊಟ್ಟಿಗೆಯಲ್ಲಿ ಗೌರಿ ಎಂಬ ಕಪಿಲೆ ಹಸು. ನಮ್ಮ ಹೊಲದ ನವಣೆಯ ಮೊದಲ ಅನ್ನವನ್ನು ನೈವೇದ್ಯ ಮಾಡಿದ ದಿನ ನಾನು ಎಂದಿನಂತೆ ಕೈಮುಗಿದೆ. ಆದರೆ ಅಂದು ಹೊಗಳಿಕೆಗೆ ಮೊದಲೇ ಕಣ್ಣೀರು ಬಂತು.

ಇಷ್ಟರ ನಡುವೆ ನಾನು ಪಟ್ಟಣದಿಂದ ತಂದ ಒಂದು ವಸ್ತು ದೇವರ ಮನೆಯಲ್ಲಿತ್ತು. ನನ್ನ ಗುರುಗಳು ತಮ್ಮ ಕೊನೆಗಾಲದಲ್ಲಿ ನನಗೆ ಕೊಟ್ಟ ಪುರಾಣಗ್ರಂಥ. ಹಳೆಯ ಅಚ್ಚು, ದಪ್ಪ ರಟ್ಟು, ಎರಡು ಇಟ್ಟಿಗೆಗಳ ಗಾತ್ರ. ಮಣ್ಣಿನ ಪೀಠ ಮಾಡಿ, ಅದರ ಮೇಲಿಟ್ಟು, ನಿತ್ಯವೂ ಅಲ್ಲೇ ಕುಳಿತು ಪಾರಾಯಣ ಮಾಡುತ್ತಿದ್ದೆ. ಮೊದಲ ಹೊರೆಹಬ್ಬಕ್ಕೆ ಊರ ಹಿರಿಯಳಾದ ಹೊನ್ನಾಜಮ್ಮ ನಮ್ಮ ಬಾಗಿಲಿಗೆ ಬಂದಾಗ ನಾನು ಶಾಸ್ತ್ರವಾಕ್ಯಗಳ ಸಹಿತ ವಾದಿಸಿದೆ. ಗ್ರಂಥವೆಂದರೆ ವಸ್ತುವಲ್ಲ, ವಾಙ್ಮಯಮೂರ್ತಿ. ಪ್ರತಿಷ್ಠೆಯಾದ ಮೂರ್ತಿಯನ್ನು ಪೀಠದಿಂದ ಕದಲಿಸುವುದು ದೋಷ. ಹೊನ್ನಾಜಮ್ಮ ಗಲ್ಲ ಗಲ್ಲ ಬಡಿದುಕೊಂಡಳು.

“ಅಯ್ಯೋ, ದೇವರನ್ನ ತೂಗಿ ನೋಡೋಕೆ ನಾವ್ಯಾರು ಸ್ವಾಮಿ? ಅದೊಂದು ಬಿಟ್ಟು ಮಿಕ್ಕಿದ್ದು ಎತ್ತಿ.”

ಅವಳು ಭಕ್ತಿಯಿಂದ ಬಿಟ್ಟಳು, ನಾನು ಭಕ್ತಿಯಿಂದಲೇ ಬಿಡಿಸಿಕೊಂಡೆ. ಗ್ರಂಥ ತನ್ನ ಪಾಡಿಗೆ ಭಾರವಾಗುತ್ತ ಹೋಯಿತು. ಎತ್ತುವ ಪ್ರಸಂಗವೇ ಇಲ್ಲದ್ದರಿಂದ ನನಗದು ಗೊತ್ತಾಗಲಿಲ್ಲ. ಹಾಳೆ ಮಗುಚುವಾಗ ಬೆರಳು ನೋಯುತ್ತಿದ್ದುದು ನಿಜ. ಗುದ್ದಲಿ ಹಿಡಿದ ಕೈಯಲ್ಲವೇ ಎಂದುಕೊಂಡೆ. ಮುಂದಿನ ಹಬ್ಬಕ್ಕೂ ಅದೇ ವಿನಾಯಿತಿ. ಅದಾಗಿ ಕೆಲವೇ ದಿನಕ್ಕೆ ಕಾತ್ಯಾಯಿನಿ ದೇವರ ಮನೆ ಸಾರಿಸುತ್ತಿದ್ದವಳು ನನ್ನನ್ನು ಕೂಗಿದಳು. ಪೀಠ ಬಿರುಕುಬಿಟ್ಟು ಗೇಣುದ್ದ ನೆಲಕ್ಕಿಳಿದಿತ್ತು. ಹಿಂದಿನ ಗೋಡೆಯಲ್ಲಿ ಸೀಳು ಮೂಡಿತ್ತು. ಗ್ರಂಥಕ್ಕೆ ಎರಡೂ ಕೈ ಕೊಟ್ಟು ಎಳೆದೆ. ಬಂಡೆಯೇ ಮೇಲು, ಬಂಡೆಯಾದರೆ ಉರುಳಿಸಬಹುದು.

ಹೊನ್ನಾಜಮ್ಮ ಬಂದು ನೋಡಿ ಅಲ್ಲೇ ಕುಳಿತುಬಿಟ್ಟಳು. “ನಾನು ಬಿಡಬಾರದಾಗಿತ್ತು ಶಾಸ್ತ್ರಿಗಳೇ. ಉತ್ತರಾಯಣದ ಹಬ್ಬಕ್ಕೆ ಇದು ಅಂಗಳಕ್ಕೆ ಬರಲೇಬೇಕು. ಬರದಿದ್ರೆ…” ಎಂದು ಗೋಡೆಗಳನ್ನು ನೋಡಿದಳು. ಕಾತ್ಯಾಯಿನಿ ಆ ಗೋಡೆಗಳನ್ನೇ ನೋಡುತ್ತಿದ್ದಳು.

ಹೊನ್ನಾಜಮ್ಮ ಹೋದಮೇಲೆ ನಾನು, “ಮನೆಯನ್ನು ಗ್ರಂಥಕ್ಕೇ ಸಮರ್ಪಿಸಿಬಿಡೋಣ. ದೇವಾಲಯವಾಯಿತು ಅಂದುಕೊಂಡರಾಯಿತು. ನಾವು ಇನ್ನೊಂದನ್ನು ಕಟ್ಟೋಣ” ಎಂದೆ.

“ಕಟ್ಟೋಣ” ಎಂದಳು ಕಾತ್ಯಾಯಿನಿ. “ನಂಗೇನು, ಇನ್ನೂ ಮಣ್ಣು ತುಳಿಯೋ ಕಾಲಿದೆ. ಆದ್ರೆ ನಾವು ಬಯಲಿಗೆ ಹೋದ್ಮೇಲೆ ಈ ಪುಸ್ತಕ ಓದೋರ್ಯಾರು? ಗೆದ್ದಲಾ?”

ಮನೆ ಬಿಡುವ ಮಾತನ್ನು ಬಿಟ್ಟೆ. ಮೊದಲು ರಿಪೇರಿಯ ದಾರಿ ಹಿಡಿದೆವು. ಹಳೆಯ ರಟ್ಟನ್ನು ಕಿತ್ತು ಹಲಸಿನ ಹಲಗೆ ಕೂರಿಸಿ, ಹುಣಿಸೆಬೀಜದ ಸರಿಯಿಂದ ಅಂಟಿಸಿದೆವು. ಹಲಗೆ ಹಗುರವಾಗಿಯೇ ಇತ್ತು, ಒಡಲು ಮಾತ್ರ ಹಾಗೇ. ಬೇಲಿಯಾಚೆಯಿಂದ ನೋಡುತ್ತಿದ್ದ ಚೆನ್ನಿಗಪ್ಪ, “ಶಾಸ್ತ್ರಿಗಳೇ, ನನ್ನ ಟೀವಿ ಪಕ್ಕ ಜಾಗ ಖಾಲಿ ಇದೆ. ಅದಕ್ಕೂ ನಾಲ್ಕು ಒಳ್ಳೇ ಮಾತು ಕೇಳಿದ ಹಾಗಾಗತ್ತೆ” ಎಂದ. ಕಾತ್ಯಾಯಿನಿ ಸರಿಯ ಕೈಯಲ್ಲೇ ಅವನನ್ನು ಗದರಿಸಿ ಓಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇದರಲ್ಲಿರೋದು ನಿಮಗೆ ಬಾಯಿಗೆ ಬರತ್ತಾ?”

“ಅಲ್ಲಲ್ಲಿ.”

“ಇಷ್ಟು ವರ್ಷ ಓದಿ ಅಲ್ಲಲ್ಲಿ?”

“ಪುಸ್ತಕ ಇತ್ತಲ್ಲ. ಬೇಕಾದಾಗ ತೆಗೆದು ನೋಡಬಹುದಾಗಿತ್ತು.”

“ಅದಕ್ಕೇ ಇಷ್ಟು ಭಾರ” ಎಂದಳು.

ಕಂಠದಲ್ಲಿರುವುದಕ್ಕೆ ಈ ಊರಿನಲ್ಲಿ ತೂಕವಿಲ್ಲ. ನಾನು ಪಾಠ ಹೇಳಿದ ಶಾಸ್ತ್ರವೆಲ್ಲ ಮೊದಲು ಹಾಗೆಯೇ, ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಹೊರಲ್ಪಟ್ಟು ಬಂದದ್ದು. ಗ್ರಂಥದ ಹೊಲಿಗೆ ಬಿಚ್ಚಿ, ಒಂದೊಂದು ಹಾಳೆಯನ್ನೂ ಕಂಠಸ್ಥ ಮಾಡಿ, ಕಂಠಸ್ಥವಾದ ಹಾಳೆಯನ್ನು ಹೊಂಡಕ್ಕೆ ಬಿಡುವುದು. ಬಿಡಿ ಹಾಳೆಯಾದರೆ ಎತ್ತಬಹುದು. ಜೀರ್ಣವಾದ ಗ್ರಂಥಗಳನ್ನು ಜಲಕ್ಕೆ ಒಪ್ಪಿಸುವ ಸಂಪ್ರದಾಯವೂ ಇದೆ. ಇದೆಲ್ಲ ನನಗೆ ತಿಳಿದಿತ್ತು. ಆದರೂ ಗುರುಗಳು ಕೈಯಾರೆ ಕೊಟ್ಟ ಗ್ರಂಥದ ದಾರಕ್ಕೆ ಇಟ್ಟ ಕತ್ತಿಯನ್ನು ಹಿಂದಕ್ಕೆ ತೆಗೆದೆ. ನೀರಿಗೆ ಬಿಟ್ಟ ಹಾಳೆ ತಿರುಗಿ ಬರುವುದಿಲ್ಲ. ನಾನು ಮರೆತರೆ ಗುರುಗಳ ಪಾಠ ಅಲ್ಲಿಗೇ ಮುಗಿಯಿತು. ಅವರನ್ನು ಮನಸ್ಸಿನಲ್ಲಿ ನೆನೆದೆ. “ಪುಸ್ತಕ ನಿನಗೆ ಕೊಟ್ಟೆನೋ, ಪುರಾಣ ಕೊಟ್ಟೆನೋ?” ಎಂದು ಅವರು ಪಾಠದಲ್ಲಿ ಗದರುವ ಧಾಟಿಯಲ್ಲೇ ಕೇಳಿದಂತಾಯಿತು. ದಾರ ಕತ್ತರಿಸಿದೆ.

ದಿನಕ್ಕೊಂದು ಹಾಳೆಯಂತೆ ಮುಗಿಸಿದರೂ ಉತ್ತರಾಯಣದೊಳಗೆ ಅರ್ಧ ದಾಟುವಂತಿರಲಿಲ್ಲ.

“ಇನ್ನರ್ಧ ನಂಗೆ ಕೊಡಿ” ಎಂದಳು ಕಾತ್ಯಾಯಿನಿ.

“ಸಂಸ್ಕೃತ ಕಣೇ.”

“ಮೂವತ್ತು ವರ್ಷ ನೀವು ಮನೇಲಿ ಪಾಠ ಹೇಳಿದ್ದೆಲ್ಲ ಅಡುಗೆಮನೆಯಿಂದ ಕೇಳಿದ್ದೀನಿ. ನಿಮ್ಮ ವಿದ್ಯಾರ್ಥಿಗಳು ಚಕ್ಕರ್ ಹೊಡೀತಿದ್ರು. ನನ್ನ ಹಾಜರಿ ತಪ್ಪಿಲ್ಲ.”

ಒಂದು ಹಾಳೆ ನನಗೆ, ಮುಂದಿನದು ಅವಳಿಗೆ, ಅದರ ಮುಂದಿನದು ನನಗೆ. ಹೀಗೆ ಗ್ರಂಥವನ್ನು ಹಂಚಿಕೊಂಡೆವು. ಕಥೆಯ ನಡುವೆ ನಾನು ನಿಂತ ಕಡೆ ಅವಳು ಹಿಡಿಯಬೇಕು, ಅವಳು ಬಿಟ್ಟ ಕಡೆ ನಾನು. ಒಬ್ಬರಿಂದಲೇ ಪುರಾಣ ಪೂರ್ತಿಯಾಗದು. ನಾನು ಏತದ ಹಗ್ಗ ಜಗ್ಗುತ್ತ ಶ್ಲೋಕ ಹೇಳಿಕೊಳ್ಳುತ್ತಿದ್ದೆ. ಅವಳು ನವಣೆ ಕುಟ್ಟುತ್ತ, ಒನಕೆಯ ಪೆಟ್ಟಿಗೆ ಶ್ಲೋಕದ ಒಂದು ಪಾದದಂತೆ. ಅರ್ಥವಾಗದ ಶ್ಲೋಕವನ್ನು ಅವಳು ಬಾಯಿಗೇ ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬ ರಾಜ ಒಂದೇ ಬೆಳಗ್ಗೆ ಸಾವಿರ ಹಸುಗಳನ್ನು ದಾನ ಮಾಡಿದ ಕಡೆ ಕಳೆ ಕೀಳುವುದನ್ನು ನಿಲ್ಲಿಸಿ, “ಅಲ್ಲೀವರೆಗೆ ಅವುಗಳ ಸಗಣಿ ಬಾಚಿದ್ದು ಯಾರು? ಅವರ ಹೆಸರು ಹಾಕಿಲ್ವಾ?” ಎಂದಳು. ಹಾಕಿರಲಿಲ್ಲ. ನನ್ನ ಎಷ್ಟೋ ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಅದನ್ನು ಕೇಳಿರಲಿಲ್ಲ, ನನಗೂ ತೋಚಿರಲಿಲ್ಲ.

ಹಾಳೆ ಬಾಯಿಗೆ ಬಂದಮೇಲೆ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಬೇಕು. ತಪ್ಪಿಲ್ಲವೆಂದಾದರೆ ಮುಂಜಾನೆ ಸ್ನಾನ ಮಾಡಿ ಇಬ್ಬರೂ ಸೇರಿ ಅದನ್ನು ಹೊಂಡಕ್ಕೆ ಒಯ್ಯುವುದು. ಮೊದಮೊದಲ ಹಾಳೆಗಳು ಬೀಸುವ ಕಲ್ಲಿನ ಮೇಲ್ಬಿಲ್ಲೆಯಷ್ಟು ತೂಗುತ್ತಿದ್ದವು. ಉಳಿದವು ದಿನಕ್ಕೆ ದಿನ ಭಾರವಾಗುತ್ತಲೇ ಇದ್ದವು. ಕಾಯುವ ಹಾಳೆಗಳಿಗೂ ಕಲಿಯುವ ನಮಗೂ ಪಂದ್ಯ ಬಿದ್ದಂತಿತ್ತು. ಹೊಂಡದ ಮೆಟ್ಟಿಲಿನಿಂದ ಜಾರಿಬಿಟ್ಟರೆ ಅಂಗೈಯಗಲದ ಗುಳ್ಳೆ ಏಳುತ್ತಿತ್ತು, ಅಷ್ಟೇ. ಅಕ್ಷರಗಳು ಕಣ್ಣಿಂದ ಮರೆಯಾಗುವಾಗ ನಾನು ಪ್ರತಿ ಸಲವೂ ಆ ಶ್ಲೋಕಗಳನ್ನು ಗಟ್ಟಿಯಾಗಿ ಹೇಳಿ ನೋಡಿಕೊಳ್ಳುತ್ತಿದ್ದೆ. ಎಲ್ಲವೂ ಇದ್ದವು. ಎರಡು ತಿಂಗಳಾಗುವಷ್ಟರಲ್ಲಿ ನೋಡಿಕೊಳ್ಳುವುದನ್ನು ಬಿಟ್ಟೆ. ಪೀಠದ ಮೇಲೆ ಗ್ರಂಥ ತೆಳ್ಳಗಾಗುತ್ತ ಬಂತು, ನನ್ನೊಳಗೆ ದಪ್ಪವಾಗುತ್ತ ಬಂತು. ಕೊಡಲಿ ಹಿಡಿದಾಗ, ಹಾಲು ಕರೆಯುವಾಗ, ಬಿಸಿಲಿಗೆ ಕಣ್ಣುಮುಚ್ಚಿ ಕುಳಿತಾಗ ಯಾವುದೋ ಅಧ್ಯಾಯ ತಾನಾಗಿ ಎದ್ದುಬಂದು ನಾಲಗೆಯ ಮೇಲೆ ಕೂರುತ್ತಿತ್ತು. ಗುರುಗಳು ಕಣ್ಣುಮುಚ್ಚಿ ಪಾಠ ಹೇಳುತ್ತಿದ್ದುದು ಏಕೆಂದು ಈ ವಯಸ್ಸಿನಲ್ಲಿ ನನಗೆ ತಿಳಿಯಿತು.

ಹಬ್ಬ ಹತ್ತಿರ ಬಂದಾಗ ನವಣೆಯ ತೆನೆ ಬಾಗಿತು. ಕೊಯ್ಲನ್ನು ತಡಮಾಡಿದರೆ ಹಕ್ಕಿಗಳ ಪಾಲು. ಕೊಯ್ದು, ಬಡಿದು, ತೂರಿ, ಮಣ್ಣಿನ ವಾಡೆಗೆ ಕಾಳು ತುಂಬುವಷ್ಟರಲ್ಲಿ ನಾಲಗೆಗೂ ಸೊಂಟಕ್ಕೂ ಒಟ್ಟಿಗೇ ಸೋಲು ಬಂತು. ಹೊರೆಹಬ್ಬದ ಬೆಳಗಾದಾಗ ಪೀಠದ ಮೇಲೆ ಒಂದು ಹಾಳೆ ಉಳಿದಿತ್ತು. ಗ್ರಂಥದ ಕಟ್ಟಕಡೆಯದು. ಎಲ್ಲಕ್ಕಿಂತ ಹೆಚ್ಚು ದಿನ ಕಾದದ್ದು.

ಊರೆಲ್ಲ ನಮ್ಮ ಅಂಗಳದಲ್ಲಿ ನೆರೆಯಿತು. ಒನಕೆ, ಮೊರ, ಮಡಕೆ, ವಾಡೆ, ನೇಗಿಲು ಎಲ್ಲವನ್ನೂ ಎತ್ತಿ ತಂದೆವು. ಗೌರಿ ತಾನೇ ನಡೆದು ಬಂದಳು. ನಾವೇ ಮಣ್ಣಿನಲ್ಲಿ ಮಾಡಿದ ದೇವರ ಮನೆಯ ಮೂರ್ತಿಗಳನ್ನೂ ಈ ಸಲ ನಾನೇ ಹೊರತಂದೆ. ಕೊನೆಗೆ ಹಾಳೆಯ ಒಂದು ಅಂಚಿಗೆ ನಾನು, ಇನ್ನೊಂದಕ್ಕೆ ಕಾತ್ಯಾಯಿನಿ ಕೈ ಕೊಟ್ಟು ಜಗ್ಗಿದೆವು. ಅದು ಮಿಸುಕಲಿಲ್ಲ. ಮತ್ತೊಮ್ಮೆ ಜಗ್ಗಿದೆವು. ಉಗುರಿನ ಸಂದಿಯಲ್ಲಿ ರಕ್ತ ಒಸರಿತು. ಬಾಗಿಲಲ್ಲಿ ನಿಂತಿದ್ದ ಹೊನ್ನಾಜಮ್ಮ, “ಈ ಸಲ ನಾನು ಬಿಡಲಾರೆ ಸ್ವಾಮಿ” ಎಂದಳು, ಅಳುದನಿಯಲ್ಲಿ.

“ಬಿಡಬೇಡಿ ಅಜ್ಜಿ” ಎಂದಳು ಕಾತ್ಯಾಯಿನಿ. “ಕೈ ಹಾಕಬಾರದು ಅಂತಿದೆ. ಬಾಯಿ ಹಾಕಬಾರದು ಅಂತೇನಾದ್ರೂ ಇದೆಯಾ?”

“ಬಾಯಿಗೆ ಈ ಊರಲ್ಲಿ ಯಾವತ್ತೂ ತಡೆ ಇಲ್ಲ, ನನ್ನನ್ನೇ ನೋಡಿ” ಎಂದ ಚೆನ್ನಿಗಪ್ಪ. ಜನ ನಕ್ಕರು. ಆ ನಗು ಕೇಳಿ ನನ್ನ ಬಿಗಿದ ತೋಳು ಸಡಿಲಿತು.

ಹಾಳೆಯ ಮೇಲೆ ಬಾಗಿ ಓದಿದೆ. ಅದು ಫಲಶ್ರುತಿ. ಕೇಳಿದವರಿಗೆಲ್ಲ ಏನೇನು ಒಳ್ಳೆಯದಾಗಲಿ ಎಂದು ಹರಸುವ ಶ್ಲೋಕಗಳು. ಪಾಠದ ಕೊನೆಗೆ ಗಂಟೆ ಬಾರಿಸುವ ಅವಸರದಲ್ಲಿ ಅದನ್ನು ನಾನು ಯಾವಾಗಲೂ ಹಾರಿಸಿಬಿಡುತ್ತಿದ್ದೆ. ಒಂದು ಪಾದ ಹೇಳಿದೆ. ಕಾತ್ಯಾಯಿನಿ ಹೇಳಿದಳು. ಬಾಗಿಲಲ್ಲಿದ್ದವರು ಹೇಳಿದರು, ಅವರಿಂದ ಅಂಗಳದವರು, ಅಂಗಳದಿಂದ ಬೇಲಿಯಾಚೆಯವರು. ಉಚ್ಚಾರಣೆ ಅಡ್ಡಾದಿಡ್ಡಿಯಾಗಿತ್ತು, ನಾನು ತಿದ್ದಿದೆ, ಅವರು ತಿದ್ದಿಕೊಂಡರು. ಮತ್ತೆ ಹೇಳಿದೆ. ಬಿಸಿಲು ಅಂಗಳದ ಅರ್ಧಕ್ಕೆ ಬರುವ ಹೊತ್ತಿಗೆ ಆ ಶ್ಲೋಕಗಳು ಊರಿಗೆ ಊರೇ ಬಲ್ಲ ಮಾತಾಗಿದ್ದವು.

“ಈಗ ಉಸಿರು ಬಿಗಿಹಿಡೀಬೇಡಿ” ಎಂದಳು ಕಾತ್ಯಾಯಿನಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ. “ಒನಕೆ ಎತ್ತೋ ಹಾಗೆ. ಪಾದಕ್ಕೊಂದು ಎತ್ತು. ಎಲ್ಲಿ, ಹೇಳಿ.”

ಊರು ಮೊದಲ ಪಾದ ಹೇಳಿತು, ಚೆನ್ನಿಗಪ್ಪ ಕೊನೆಯಲ್ಲಿ “ಐಸಾ!” ಸೇರಿಸಿದ. ಹಾಳೆ ಪೀಠ ಬಿಟ್ಟಿತು. ಹಗುರವಾಯಿತೆಂದು ನಾನು ಹೇಳಲಾರೆ. ತೋಳಿನ ನರ ಹುರಿಗೊಂಡಿತ್ತು. ಎರಡನೆಯ ಪಾದಕ್ಕೆ ಹೊಸ್ತಿಲು ದಾಟಿದೆವು. ಅಂಗಳದಲ್ಲಿ ಸೂರ್ಯನಿಗೆ ತೋರಿಸಿದಾಗ ಹೊನ್ನಾಜಮ್ಮ ನೆಲಕ್ಕೆ ಹಣೆ ಹಚ್ಚಿದಳು. ಅಲ್ಲಿಗೆ ನಿಯಮ ಮುಗಿದಿತ್ತು, ಮನೆ ನಮ್ಮದಾಗಿತ್ತು. “ಇಳಿಸಿ, ಸಾಕು” ಎಂದು ಯಾರೋ ಕೂಗಿದರು. ನಾನು ಕಾತ್ಯಾಯಿನಿಯನ್ನು ನೋಡಿದೆ. ಬೆವರಿನಿಂದ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. “ನಡೀರಿ” ಎಂದಳು. ಪಾದಕ್ಕೊಂದಿಷ್ಟು ದೂರದಂತೆ, ಊರಿನ ದನಿಯ ನಡುವೆ ನಾವಿಬ್ಬರೂ ಅದನ್ನು ಹೊಂಡದವರೆಗೆ ಹೊತ್ತು, ಕಡೆಯ ಮೆಟ್ಟಿಲಿನಲ್ಲಿ ಕೈಬಿಟ್ಟೆವು. ನೀರು ಅದನ್ನು ತೆಗೆದುಕೊಂಡಿತು. ದಡದಲ್ಲಿ ಯಾರೂ ಸುಮ್ಮನಾಗಲಿಲ್ಲ; ಹಾಳೆ ಹೋದಮೇಲೂ ಅದರ ಮಾತು ನಡೆದೇ ಇತ್ತು.

ಆ ಮಾತನ್ನೇ ಈಗ ನನ್ನ ನುಡಿಯಲ್ಲಿ ನಿಮಗೆ ಒಪ್ಪಿಸುತ್ತೇನೆ. ಇದನ್ನು ಕೇಳಿದವರ ವಾಡೆ ಬರಿದಾಗದಿರಲಿ, ಬಾವಿ ಬತ್ತದಿರಲಿ. ಅವರು ನೆಟ್ಟದ್ದು ಚಿಗುರಲಿ, ಕಟ್ಟಿದ್ದು ನಿಲ್ಲಲಿ. ಅವರ ಹೊರೆ ಅವರ ತೋಳಿಗೆ ತಕ್ಕಷ್ಟೇ ಇರಲಿ. ಅದರ ಇನ್ನೊಂದು ಅಂಚಿಗೆ ಕೈ ಕೊಡುವವರು ಮನೆಯಲ್ಲೇ ಇರಲಿ. ಹೇಳಿದವರಿಗೆ, ಕೇಳಿದವರಿಗೆ, ಬೇಲಿಯಾಚೆ ನಿಂತು ಅರ್ಧ ಕೇಳಿಸಿಕೊಂಡವರಿಗೂ ಮಂಗಳವಾಗಲಿ.